ಸದ್ದು ತೆಗೆದ ಚಿತ್ರ

ಮಾಸಾನ್ ಬಂದರಿನ ಶೂ ಕಾರ್ಖಾನೆಯಿಂದ ಹೊರಗೆ ಹಾಕಿಸಿಕೊಂಡ ಹೆಂಗಸರು ಗೇಟಿನ ಎದುರೇ ಟಾರ್ಪಾಲು ಕಟ್ಟಿಕೊಂಡು ಕೂತು ಮೂರನೆಯ ಚಳಿಗಾಲ. ಸಮುದ್ರದ ಗಾಳಿ ಟಾರ್ಪಾಲನ್ನೇ ಕಿತ್ತುಕೊಂಡು ಹೋಗಲು ನೋಡುತ್ತಿತ್ತು. ಶೂ ತಳಕ್ಕೆ ಅಂಟು ಬಳಿದ ಬೆರಳುಗಳ ಚರ್ಮ ಇನ್ನೂ ಸುಲಿಯುತ್ತಿತ್ತು. ಒಣ ಮೂಲಂಗಿ ಸೊಪ್ಪಿನ ಸಾರಿಗೆ ಅನ್ನ ಕಲಸಿ ತಿಂದು, ಗೇಟು ತೆರೆಯುವ ಹೊತ್ತಿಗೆ ಎದ್ದು ನಿಂತು, ಕೆಲಸ ಕಿತ್ತುಕೊಂಡ ಪ್ಯೋ ಯಜಮಾನನ ಹೆಸರು ಹಿಡಿದು ಕೂಗುತ್ತಿದ್ದರು. ಅವನ ಕಾರು ಗಾಜು ಏರಿಸಿಕೊಂಡು ಒಳಗೆ ಹೋಗುತ್ತಿತ್ತು. ರಾಜಧಾನಿ ಸೋಲ್‌ನ ಪತ್ರಿಕೆಯವರು ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅದಕ್ಕೇ ಅವರಲ್ಲಿ ಒಬ್ಬಳಾದ ಜೊಮ್‌ರೆ ತನ್ನ ಮಗಳ ಹಳೆಯ ವಿಡಿಯೊ ಕ್ಯಾಮೆರಾ ತಂದು ಎಲ್ಲವನ್ನೂ ಸೆರೆಹಿಡಿದಳು. ಚಿತ್ರವೇನೋ ಆಯಿತು. ಎಲ್ಲಿಗೆ ಕಳಿಸಬೇಕು, ಯಾರ ಮುಂದೆ ಏನು ಹೇಳಬೇಕು, ತಿಳಿಯದು. ಆಗ ಸಿಕ್ಕವನು ಗುಕ್. ಯಾರ ಆಸರೆಯೂ ಇಲ್ಲದೆ ಚಿತ್ರ ಮಾಡುವವರಿಗೆ ಚಿತ್ರೋತ್ಸವದ ದಾರಿ ತೋರಿಸುವುದು ಅವನ ಕಸುಬು. ಎಲ್ಲರೂ ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ನಿಮ್ಮಿಂದ ಬಿಡಿಗಾಸೂ ಬೇಡ ಎಂದ. ಗುಡಾರದಲ್ಲಿ ಅವರ ಜೊತೆ ಕೂತು ಸಾರು ಕುಡಿದ. ಗುಡಾರದ ಹಿರಿಯಳು ಪಿಲ್‌ಸುನ್ ತನ್ನ ಪಾಲಿನ ಮೀನನ್ನೂ ಅವನ ತಟ್ಟೆಗೆ ಹಾಕಿದಳು.

ಚಿತ್ರ ಆರಿಸುವವರ ಮುಂದೆ ಆಡಬೇಕಾದ ಮಾತನ್ನು ಅವನೇ ಜೊಮ್‌ರೆಗೆ ಉರು ಹೊಡೆಸಿದ. ಮುಷ್ಕರ ಅನ್ನಬೇಡಿ, ತಾಯಂದಿರು ಅನ್ನಿ ಎಂದ. ಎಲ್ಲಿ ದನಿ ನಡುಗಬೇಕು, ಎಲ್ಲಿ ಸುಲಿದ ಕೈ ಎತ್ತಬೇಕು ಎಂದು ಹೇಳಿಕೊಟ್ಟ. ತನ್ನ ಅಳುವನ್ನು ಇನ್ನೊಬ್ಬನಿಂದ ಕಲಿಯಲು ಅವಳಿಗೆ ನಾಚಿಕೆಯಾಯಿತು. ಆದರೂ ಕಲಿತಳು. ಉತ್ಸವಕ್ಕೆ ಮುಂಚೆ ಬೇರೆಲ್ಲೂ ತೋರಿಸಿದರೆ ಚಿತ್ರವನ್ನು ತಗೊಳ್ಳುವುದಿಲ್ಲ ಎಂದೂ ಅವನು ಹೇಳಿದ್ದ. ಹಾಗಾಗಿ ಗುಡಾರದವರು ಕೇಳಿದಾಗೆಲ್ಲ ಜೊಮ್‌ರೆ ಇಲ್ಲವೆಂದಳು.

“ನಮ್ಮ ಮುಖ ನಾವು ನೋಡ್ಕಳಕ್ಕೂ ಮೇಷ್ಟ್ರ ಅಪ್ಪಣೆ ಬೇಕೇನೇ?” ಎಂದಳು ಪಿಲ್‌ಸುನ್.

“ನಾಲ್ಕು ಜನ ಕೂತು ಪ್ಯೋ ಹೆಸರು ಕೇಳಿಸ್ಕೋಬೇಕು ಅಕ್ಕಾ. ಅಲ್ಲೀವರ್ಗೂ ತಡ್ಕೋ.”

ಕೊನೆಗೆ ಶಬ್ದ ಹದ ಮಾಡಿಸಬೇಕೆಂದು ಗುಕ್ ಚಿತ್ರವನ್ನು ಇಸಿದುಕೊಂಡು ಹೋದ. ಸ್ವಲ್ಪ ದಿನಕ್ಕೆ ಸೋಲ್‌ನ ಒಂದು ಉತ್ಸವಕ್ಕೆ ಅದು ಆಯ್ಕೆಯಾಯಿತು. ಹೆಂಗಸರು ಮದುವೆಗೆ ಹೊರಟವರಂತೆ ಇದ್ದುದರಲ್ಲಿ ಒಳ್ಳೆಯದು ತೊಟ್ಟು ಬಸ್ಸು ಹತ್ತಿದರು.

ದೀಪ ಆರಿತು. ಪರದೆಯ ಮೇಲೆ ಮೊದಲು ಬಂದದ್ದು ಉತ್ಸವಕ್ಕೆ ಹಣ ಕೊಟ್ಟವರಿಗೆ ವಂದನೆ. ಅದರಲ್ಲಿ ಪ್ಯೋ ಹೆಂಡತಿಯ ಕಲಾ ಪ್ರತಿಷ್ಠಾನವೂ ಇತ್ತು. ಜೊಮ್‌ರೆ ಅದನ್ನು ಮತ್ತೊಮ್ಮೆ ಓದಿಕೊಂಡಳು.

ಗುಡಾರ ಬಂತು, ಸಾರು ಬಂತು, ಸುಲಿದ ಕೈಗಳು ಬಂದವು. ಗೇಟಿನ ಮುಂದೆ ಹೆಂಗಸರು ನಿಂತು ಬಾಯಿ ತೆರೆದರು. ಕೂಗು ಇಲ್ಲ. ಅದರ ಜಾಗದಲ್ಲಿ ಪಿಯಾನೊ ಮೆಲ್ಲಗೆ ನುಡಿಯುತ್ತಿತ್ತು. ಕೈಯ ಫಲಕಗಳಲ್ಲಿ ಪ್ಯೋ ಹೆಸರನ್ನು ಮಸುಕು ಮಾಡಿದ್ದರು. ನೋಡಲು ಕೂತವರಲ್ಲಿ ಯಾರೋ ಮೂಗು ಒರೆಸಿಕೊಂಡರು.

“ನಮ್ಮ ಕೂಗೆಲ್ಲಿ ಮೇಷ್ಟ್ರೇ?” ಪಕ್ಕದಲ್ಲಿದ್ದ ಗುಕ್‌ನನ್ನು ಜೊಮ್‌ರೆ ಕೇಳಿದಳು.

“ಆ ಪ್ಯೋ ಯಾರಿಗೆ ಗೊತ್ತು ಹೇಳಿ? ಕಣ್ಣೀರಾದ್ರೆ ಎಲ್ರಿಗೂ ಅರ್ಥ ಆಗತ್ತೆ. ನೋಡಿ, ಅಳ್ತಿದಾರೆ. ನಾವು ಗೆದ್ವಿ.”

“ನಾವು ಅನ್ಬೇಡಿ.”

ಮೂರು ಚಳಿಗಾಲದ ಕೂಗನ್ನು ಅವಳೇ ಕೈಯಾರೆ ಇವನಿಗೆ ಒಪ್ಪಿಸಿದ್ದಳು. ಪಿಲ್‌ಸುನ್ ಅಕ್ಕನ ಮುಖ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

ಅಷ್ಟರಲ್ಲಿ ಪಿಲ್‌ಸುನ್ ಎದ್ದಳು. ಪರದೆಯ ಮೇಲಿದ್ದ ತನ್ನ ಬಾಯನ್ನೇ ನೋಡುತ್ತ, ಅದು ತೆರೆಯುವ ಹೊತ್ತಿಗೆ ಸರಿಯಾಗಿ ಕೂಗಿದಳು.

“ಪ್ಯೋ ಯಜಮಾನ, ನಮ್ಮ ಕೆಲಸ ನಮಗೆ ಕೊಡು!”

ಜೊಮ್‌ರೆ ಎದ್ದಳು. ಸಾಲಿಗೆ ಸಾಲೇ ಎದ್ದಿತು. ಪರದೆಯ ಮೇಲಿನ ಬಾಯಿ ತೆರೆದಾಗೆಲ್ಲ ಇವರು ಕೂಗಿದರು. ಕೂತ್ಕೊಳ್ಳಿ, ನಿಮ್ಮ ಚಿತ್ರ ನೀವೇ ಹಾಳು ಮಾಡ್ಕೋಬೇಡಿ ಎಂದು ಗುಕ್ ಜೊಮ್‌ರೆಯ ತೋಳು ಜಗ್ಗಿದ. ಅವಳು ಕೊಡವಿಕೊಂಡಳು. ಕಾವಲಿನವರು ಬಾಗಿಲು ತಳ್ಳಿಕೊಂಡು ಓಡಿ ಬಂದರು.

ಹಿಂದಿನ ಸಾಲಿನ ಹೆಂಗಸೊಬ್ಬಳು ಜೊಮ್‌ರೆಯ ಬೆನ್ನು ಮುಟ್ಟಿ, ಪ್ಯೋ ಅಂದರೆ ಯಾರು ಎಂದು ಕೇಳಿದಳು. ಜೊಮ್‌ರೆ ಪರದೆಗೆ ಬೆನ್ನು ಮಾಡಿ ನಿಂತು ಹೇಳತೊಡಗಿದಳು.