ಬಹೀಜಾ ಹೇಳಿದ ಶೀತ

ಆ ವರ್ಷ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗೆಂದು ಇನ್ನೂರ ನಲವತ್ತು ಹೆಂಗಸರು ಬಂದಿದ್ದರು. ಪ್ರಯೋಗಾಲಯದಿಂದ ವಾಪಸು ಬಂದ ಪಟ್ಟಿಯಲ್ಲಿ ನಲವತ್ತು ಹೆಸರುಗಳ ಮುಂದೆ ಕೆಂಪು ಗುರುತು. ಎಚ್‌ಪಿವಿ ಸೋಂಕು, ಅದರಲ್ಲೂ ಕ್ಯಾನ್ಸರ್‌ಗೆ ದಾರಿ ಮಾಡುವ ಅಪಾಯದ ಜಾತಿಯದು. ಆರು ಜನರಲ್ಲಿ ಒಬ್ಬಳಿಗೆ! ಬಹೀಜಾ ನಂಬಲಾರದೆ ಇನ್ನೊಮ್ಮೆ ಎಣಿಸಿದಳು. ಸಾಫಿ ಎಂಬ ಬಂದರು ಪಟ್ಟಣದಲ್ಲಿ ಬೂತಾಯಿ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳ ಹಿಂದಿರುವ ಆ ಆರೋಗ್ಯ ಕೇಂದ್ರದಲ್ಲಿ ಅವಳು ಇಪ್ಪತ್ತೆರಡು ವರ್ಷದಿಂದ ನರ್ಸು. ಬೀದಿಯೆಲ್ಲ ಅವಳನ್ನು ಲಾಲ್ಲಾ ಎಂದೇ ಗೌರವದಿಂದ ಕರೆಯುತ್ತಿತ್ತು. ಪಟ್ಟಿಯಲ್ಲಿದ್ದ ಅರ್ಧ ಜನರ ಹೆರಿಗೆ ಅವಳ ಕೈಯಲ್ಲೇ ಆಗಿತ್ತು.

ಮೊದಲು ಕರೆಸಿದ್ದು ಮಿಲೂದಾಳನ್ನು. ಅವಳಿಗೆ ಬಹೀಜಾ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಇದು ಗಂಡ ಹೆಂಡಿರ ನಡುವೆ ದಾಟುವ ಸೋಂಕು, ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ, ಕೆಲವರಲ್ಲಿ ಬೇರು ಬಿಡುತ್ತದೆ, ಹಾಗಾಗಿ ದೊಡ್ಡಾಸ್ಪತ್ರೆಗೆ ಹೋಗಲೇಬೇಕು. ಮಿಲೂದಾ ಮನೆಗೆ ಹೋಗಿ ಗಂಡನನ್ನು ಕೇಳಿದಳು. ಅವನು ಉಲ್ಟಾ ಅವಳನ್ನೇ ಕೇಳಿದ. ಮೂರನೇ ದಿನ ಅವಳ ಬಟ್ಟೆಯ ಗಂಟು ಬೀದಿಯಲ್ಲಿತ್ತು, ಮಕ್ಕಳು ಒಳಗಿದ್ದವು. ಅವನು ಹಡಗಿನಲ್ಲಿ ಬಂದರಿನಿಂದ ಬಂದರಿಗೆ ತಿರುಗುವವನು. ಅವನನ್ನು ಯಾರೂ ಏನೂ ಕೇಳಲಿಲ್ಲ. ಗಂಡಸನ್ನು ಕೇಳುವುದುಂಟೇ!

ಅಂದಿನಿಂದ ಬಹೀಜಾ ಮಾತು ಬದಲಾಯಿಸಿದಳು. ಉಳಿದ ಮೂವತ್ತೊಂಬತ್ತು ಮನೆ ಒಡೆದ ಪಾಪ ತನಗೆ ಬೇಡ ಎಂದುಕೊಂಡಳು.

ತಾಮು ಬಂದದ್ದು ಪಾಳಿ ಮುಗಿಸಿ, ಮೀನು ನಾರುವ ಕೈಗಳಿಗೆ ನಿಂಬೆಹಣ್ಣು ಉಜ್ಜಿಕೊಂಡು. ಮೂರು ಮಕ್ಕಳ ತಾಯಿ, ಬಾಯಿ ಜೋರು.

"ಏನ್ ಲಾಲ್ಲಾ, ಮುಖ ಹಿಂಗ್ ಮಾಡ್ಕೊಂಡಿದೀರ? ನಾನೇನು ಸಾಯ್ತೀನಾ?"

"ಸಾಯೋ ಮುಖಾನೇನೇ ಇದು? ಗರ್ಭಕ್ಕೆ ಸ್ವಲ್ಪ ಶೀತ ಹಿಡಿದಿದೆ, ಅಷ್ಟೇ. ಈ ಬೀದೀಲಿ ಆರು ಮನೇಲಿ ಒಂದು ಮನೇಲಿದೆ. ಮಾಮೂಲಿ."

ತಾಮು ಗಟ್ಟಿಯಾಗಿ ನಕ್ಕಳು. "ಅಷ್ಟಕ್ಕೇನಾ ಕರೆಸಿದ್ದು! ದಿನಾ ಎಂಟು ಗಂಟೆ ಐಸ್ ನೀರಲ್ಲಿ ನಿಂತ್ರೆ ಶೀತ ಹಿಡೀದೆ ಜಿನ್ನು ಹಿಡಿಯತ್ತಾ? ನಮ್ಮನೆಯವ್ರಿಗೆ ಹೇಳ್ಬೇಕಾ?"

"ಹೇಳೋಕೇನಿದೆ ಅದ್ರಲ್ಲಿ? ಆದ್ರೆ ಬರೋ ಮಂಗಳವಾರ ದೊಡ್ಡಾಸ್ಪತ್ರೆಗೆ ಹೋಗಿ ಒಂದ್ಸಲ ತೋರಿಸ್ಕೊಂಡು ಬಾ. ಮರೀಬೇಡ."

"ಆಯ್ತು ಬಿಡಿ."

ಅವಳು ಹೋಗಲಿಲ್ಲ. ಶೀತಕ್ಕೆ ಯಾರು ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗುತ್ತಾರೆ? ಶೀತಕ್ಕೆ ಗ್ರಂಧಿಗೆ ಅಂಗಡಿಯ ಬಿಸಿ ಮದ್ದಿದೆ, ಹಮ್ಮಾಮಿನ ಬಿಸಿಸ್ನಾನದ ಹಬೆಯಿದೆ. ಬಹೀಜಾ ಎರಡು ಸಲ ಫೋನ್ ಮಾಡಿದಳು. ಎರಡು ಸಲವೂ ಎತ್ತಿದ್ದು ಗಂಡ ಜಿಲಾಲಿ. "ಯಾತಕ್ಕೆ?" ಎಂದ. "ವಿಟಮಿನ್ ಮಾತ್ರೆ ಬಂದಿದೆ," ಎಂದುಬಿಟ್ಟಳು. ಮೂರನೇ ಸಲ ಮಾಡಲಿಲ್ಲ. ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದಲ್ಲ, ಇವಳಿಗೂ ಹೋಗಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ನಾಲ್ಕು ವರ್ಷ ಕಳೆದು ತಾಮು ಮತ್ತೆ ಬಂದಳು. ಬಾಗಿಲು ದಾಟುವ ಮೊದಲೇ ವಾಸನೆ ಬಂತು, ಅದು ಮೀನಿನದಲ್ಲ. ಆಳು ಅರ್ಧಕ್ಕರ್ಧ ಇಳಿದುಹೋಗಿದ್ದಳು. ಮಂಚದ ಮೇಲೆ ಮಲಗಿಸಿ ನೋಡಿದ ಬಹೀಜಾಳ ಕೈ ಅಲ್ಲೇ ನಿಂತಿತು. ಇಪ್ಪತ್ತೆರಡಕ್ಕೆ ನಾಲ್ಕು ಸೇರಿದ ಅನುಭವಕ್ಕೆ ಇನ್ನೊಂದು ಪರೀಕ್ಷೆ ಬೇಕಿರಲಿಲ್ಲ.

ತಾಮು ಎದ್ದು ಕೂತು ಚೀಲದಿಂದ ಒಂದು ಜಾಡಿ ತೆಗೆದಳು. ಜೇನಿನಲ್ಲಿ ಕಲಸಿದ ಒಣಶುಂಠಿ, ಕರಿಜೀರಿಗೆ.

"ಒಂದು ಚಳಿಗಾಲಾನೂ ತಪ್ಪಿಸಿಲ್ಲ ಲಾಲ್ಲಾ. ಆದ್ರೂ ರಕ್ತ ನಿಲ್ತಿಲ್ಲ. ಮದ್ದು ಕಮ್ಮಿ ಆಯ್ತೇನೋ?"

"ತಾಮು, ಅದು ಶೀತ ಅಲ್ಲ ಕಣೇ."

ಈ ಸಲ ಬಹೀಜಾ ಏನನ್ನೂ ಮುಚ್ಚಿಡಲಿಲ್ಲ. ತಾಮು ಜಾಡಿಯ ಮುಚ್ಚಳ ತಿರುಗಿಸುತ್ತಾ ಕೇಳಿಸಿಕೊಂಡಳು.

"ಅವತ್ತೇ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮಿಲೂದಾ ನನ್ನ ಪಕ್ಕದಲ್ಲೇ ಡಬ್ಬಿ ತುಂಬ್ತಾಳೆ. ಅವಳು ದೊಡ್ಡಾಸ್ಪತ್ರೆಗೆ ಹೋಗಿ ಆ ಜಾಗ ಸುಡಿಸ್ಕೊಂಡು ಬಂದ್ಲು, ಈಗ ಗುಂಡುಕಲ್ಲಿನ ಹಾಗಿದಾಳೆ. ನೀವೂ ಹೋಗ್ರೇ, ಹೋಗ್ರೇ ಅಂತ ಎಲ್ಲರ ಬೆನ್ನು ಬಿದ್ದಿದ್ಲು. ನಾನೇ ಅವಳ ಬಾಯಿ ಮುಚ್ಚಿಸ್ದೆ. ನಿಂದು ಮಾನಗೆಟ್ಟ ರೋಗ, ನಮ್ದು ಬರೀ ಶೀತ, ಲಾಲ್ಲಾ ಬಹೀಜಾನೇ ಹೇಳಿದಾರೆ ಅಂದೆ. ಎಲ್ರೂ ನಕ್ರು. ಒಬ್ರೂ ಹೋಗ್ಲಿಲ್ಲ."

ತಾನು ಉಳಿಸಿದೆನೆಂದುಕೊಂಡಿದ್ದ ಮನೆಗಳು ಒಂದೊಂದಾಗಿ ಬಹೀಜಾಳ ಕಣ್ಣ ಮುಂದೆ ಬಂದವು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನನ್ನ ಕ್ಷಮಿಸು ತಾಯಿ. ನಿನ್ನ ಸಂಸಾರ ಉಳೀಲಿ ಅಂತ..."

"ಸಂಸಾರ ಉಳೀತು, ನಾನು ಉಳೀಲಿಲ್ಲ." ತಾಮು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಸೆರಗಿನಂತೆ ಇಳಿಬಿದ್ದಿದ್ದ ತಲೆವಸ್ತ್ರದಿಂದ ಮೂಗು ಒರೆಸಿಕೊಂಡಳು. "ಒಂದು ಉಪಕಾರ ಮಾಡಿ. ಹೊರಗೆ ಕೂತಿದಾರಲ್ಲ, ಅವ್ರಿಗೆ ಶೀತ ಅಂತಲೇ ಹೇಳಿ. ಇನ್ನಿರೋದೇ ನಾಲ್ಕು ದಿನ. ಮಕ್ಕಳ ಮಧ್ಯೆ ಸಾಯ್ತೀನಿ."

ಹೊರಗೆ ಬೆಂಚಿನಿಂದ ಜಿಲಾಲಿ ದಡಬಡಿಸಿ ಎದ್ದ. "ಏನಂತೆ ಲಾಲ್ಲಾ?"

"ಶೀತ," ಎಂದಳು ಬಹೀಜಾ. "ತುಂಬಾ ಒಳಗಿಳಿದಿದೆ. ಇವತ್ತೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ."

"ನೋಡಿದ್ಯಾ? ಎಷ್ಟು ಸಲ ಬಡ್ಕೊಂಡೆ, ಒದ್ದೆ ಕಾಲಲ್ಲಿ ನಿಲ್ಬೇಡ ಅಂತ! ಅವತ್ತೇ ಹೇಳಿದ್ರೆ ನಾನೇ ಹೊತ್ಕೊಂಡು ಹೋಗ್ತಿದ್ನಲ್ಲೇ ಆಸ್ಪತ್ರೆಗೆ," ಎಂದು ಬಹೀಜಾಳ ಹಿಂದೆಯೇ ಬಂದು ಬೆಂಚಿನ ಮೇಲೆ ಕೂತ ಹೆಂಡತಿಯನ್ನು ಬೈದ. ಅಂದು ನಿಜ ಹೇಳಿದ್ದರೆ ಇವನು ಅವಳನ್ನು ಹೊರಗೆ ಹಾಕುತ್ತಿದ್ದನೋ ಇಲ್ಲವೋ ಬಹೀಜಾಳಿಗೆ ಗೊತ್ತಿರಲಿಲ್ಲ. ನಾಲ್ಕು ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಜಿಲಾಲಿ ನೆಲದ ಮೇಲೆ ಮೊಣಕಾಲೂರಿ ಕೂತು, ತನ್ನ ಉಣ್ಣೆಯ ಕಾಲುಚೀಲ ಬಿಚ್ಚಿ ತಾಮುವಿನ ಕಾಲಿಗೆ ಹಾಕತೊಡಗಿದ.