ಚುಕ್ಕೆ ನುಂಗಿದ ಸಾಲು

ಈಶ್ವರನ್ ಮಾಡಿದ ಕೆಲಸ ನೋಡಿ ನನಗೆ ಹೇಸಿಗೆಯಾಯಿತು. ಅವನು ನನ್ನ ಮೈದುನ, ನನ್ನನ್ನು ತಮಿಳಿನಲ್ಲಿ ಅಣ್ಣಿ, ಅಂದರೆ ಅತ್ತಿಗೆ, ಎನ್ನುತ್ತಾನೆ. ತಮಿಳುನಾಡಿನ ಆಂಡಿಪಟ್ಟಿ ಬಸ್ ಸ್ಟ್ಯಾಂಡಿನ ಹಿಂದಿನ ಕೋಣೆಯಲ್ಲಿ ಕೂತು ನಾವಿಬ್ಬರೂ ಹಳೆಯ ಪುಸ್ತಕಗಳ ಸ್ಕ್ಯಾನ್ ಪಠ್ಯವನ್ನು ತಿದ್ದಿ ಕಳಿಸುತ್ತೇವೆ. ಈ ಸಲ ಬಂದದ್ದು ಹೀಬ್ರೂ, ಆರು ವರ್ಷದ ಮಕ್ಕಳಿಗೆ ಓದು ಕಲಿಸುವ ಪುಸ್ತಕ. ಅದರಲ್ಲಿ ಅಕ್ಷರದ ಸುತ್ತ ಕೂರುವ ಚುಕ್ಕೆ, ಗೆರೆಗಳೇ ಸ್ವರ. ಒಂದು ಅಕ್ಷರದ ಹೊಟ್ಟೆಯಲ್ಲಿ ಚುಕ್ಕೆ ಇದ್ದರೆ ಬ, ಇಲ್ಲದಿದ್ದರೆ ವ. ದೊಡ್ಡವರು ಚುಕ್ಕೆ ಇಲ್ಲದೆಯೂ ಓದಿಕೊಳ್ಳುತ್ತಾರೆ. ಕಲಿಯುವ ಮಗುವಿಗೆ ಆಗುವುದಿಲ್ಲ.

ಸ್ಕ್ಯಾನಿನಲ್ಲಿ ಧೂಳು, ಕಲೆಗಳೆಲ್ಲ ಚಿಹ್ನೆಗಳಾಗಿ ಸೇರಿದ ಕಸ ಇತ್ತು, ನಿಜ. ಅದನ್ನು ಕೀಳಲು ಇವನು ಒಂದೇ ಸಾಲಿನ ರೆಜೆಕ್ಸ್, ಅಂದರೆ ಏನು ಹುಡುಕಿ ಅಳಿಸಬೇಕೆಂದು ಕಂಪ್ಯೂಟರಿಗೆ ಹೇಳುವ ಸೂತ್ರ, ಬರೆದ: ಅಕ್ಷರ ಮತ್ತು ಖಾಲಿ ಜಾಗ ಉಳಿಸು, ಮಿಕ್ಕದ್ದೆಲ್ಲ ಅಳಿಸು. ಕಂಪ್ಯೂಟರಿನ ಲೆಕ್ಕದಲ್ಲಿ ಚುಕ್ಕೆ ಅಕ್ಷರವಲ್ಲ. ಇಡೀ ಪುಸ್ತಕದ ಸ್ವರ ಹೋಯಿತು. ತೆರೆದೂ ನೋಡದೆ ಕಳಿಸಿಬಿಟ್ಟ. ಕೆಳಗೆ "ಪರಿಶೀಲಿಸಿದವರು: ವಳ್ಳಿ" ಅಂತ ನನ್ನ ಹೆಸರು ಬೇರೆ!

"ಥೂ! ಕಣ್ಣು ಎಲ್ಲಿಟ್ಟಿದ್ದೆ?"

"ವಿಡುಂಗ ಅಣ್ಣಿ, ಬಿಡಿ. ಇದಕ್ಕೆಲ್ಲಾ ಇಷ್ಟು ಕೋಪಾನಾ? ನಾವ್ ಮನೇಲಿ ಕನ್ನಡಾನ ತಮಿಳ್ ಅಕ್ಷರದಲ್ಲಿ ಬರಿಯಲ್ವಾ? ಕ-ಗೂ ಅದೇ ಅಕ್ಷರ, ಗ-ಗೂ ಅದೇ. ಓದ್ತೀವಲ್ಲ? ಅವರೂ ಓದ್ಕೋತಾರೆ."

"ಹಾಗಾದ್ರೆ ನಿನ್ ಮಗಳ ಕೈಲಿ ಓದ್ಸು ನೋಡಾಣ."

ಅವನ ಮಗಳು ಸತ್ಯಾ ಕಾಲೇಜಿನಿಂದ ಬಂದು ಅಲ್ಲೇ ಬುತ್ತಿ ಬಿಚ್ಚಿದ್ದಳು. ಅವನು ಕಾಗದದ ಮೇಲೆ ತಮಿಳು ಅಕ್ಷರದಲ್ಲಿ "ಗಾಳಿ ಬಂತು" ಎಂದು ಬರೆದು ಅವಳ ಮುಂದೆ ಹಿಡಿದ.

"ಕಾಳಿ... ಪಂದು." ಸತ್ಯಾ ತುತ್ತು ನಿಲ್ಲಿಸಿದಳು. "ಕಾಳಿಗೆ ಚೆಂಡು ಯಾಕಪ್ಪಾ?"

ತಮಿಳಿನಲ್ಲಿ ಪ-ಬ ಎರಡಕ್ಕೂ ಒಂದೇ ಅಕ್ಷರ, ತ-ದ ಎರಡಕ್ಕೂ ಒಂದೇ; ಪಂದು ಅಂದರೆ ಚೆಂಡು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಹುಟ್ಟಿದಾಗಿನಿಂದ ಈ ಮಾತು ಕೇಳಿದ ಹುಡುಗಿಗೇ ಹೀಗಾದರೆ, ಆ ಮಕ್ಕಳ ಗತಿ?

ಈಶ್ವರನ್ ಕಾಗದ ಮುದುರಿದ. "ಸರಿ, ಮುಂದಿನ ಪುಸ್ತಕಕ್ಕೆ ತಿದ್ದುತ್ತೀನಿ."

"ಮುಂದಿಂದಾ? ಈ ಮಕ್ಕಳಿಗೆ ನಿನ್ ಎಂಜಲಾ?"

ಅವನ ಕುರ್ಚಿ ತಳ್ಳಿ ನಾನೇ ಕೂತೆ. ಪುಸ್ತಕ ಕೊಟ್ಟವರಿಗೆ ಬರೆದೆ: ನಾವು ಕಳಿಸಿದ್ದು ಕಸ, ಯಾವ ಮಗುವಿಗೂ ಕೊಡಬೇಡಿ, ಸರಿಯಾದದ್ದು ಕಳಿಸುತ್ತೇವೆ.

"ಅಯ್ಯೋ, ಮಾನ ಹೋಯ್ತಲ್ಲ ಅಣ್ಣಿ!"

"ಹೋದದ್ದು ನನ್ನ ಹೆಸರು. ಬಾ, ಸಾಲು ತಿದ್ದು."

ಮುಖ ಊದಿಸಿಕೊಂಡು, ಅಕ್ಷರಕ್ಕೆ ಅಂಟಿದ ಚಿಹ್ನೆಗಳನ್ನೂ ಉಳಿಸು ಎಂದು ಸೇರಿಸಿದ. ಮೂಲ ಪಠ್ಯದ ಮೇಲೆ ಓಡಿಸಿದಾಗ ಚುಕ್ಕೆಗಳು ಹಾಗೇ ಉಳಿದವು. ಜೊತೆಗೆ, ಸ್ಕ್ಯಾನ್ ಚುಕ್ಕೆ ಎಂದೇ ಓದಿದ್ದ ಧೂಳೂ ಉಳಿಯಿತು. ಅದನ್ನು ಯಾವ ರೆಜೆಕ್ಸೂ ಕೀಳುವುದಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ, ಸ್ಕ್ಯಾನ್ ಪಕ್ಕದಲ್ಲಿಟ್ಟುಕೊಂಡು ಕಣ್ಣಿನಿಂದಲೇ ಆರಿಸಬೇಕು.

"ಪುಸ್ತಕ ಪೂರಾನಾ?" ಅಂದ, ನನ್ನ ಕಡೆ ನೋಡುತ್ತಾ.

"ಪೂರಾ."

ಕೆಳಗೆ "ಪರಿಶೀಲಿಸಿದವರು" ಎಂಬಲ್ಲಿದ್ದ ನನ್ನ ಹೆಸರು ಅಳಿಸಿ ಅವನದು ಹಾಕಿದೆ. ಆಮೇಲೆ ಸತ್ಯಾಳ ಬುತ್ತಿಗೆ ಕೈ ಹಾಕಿದೆ. ಹೇಸಿಗೆ ಇನ್ನೂ ಹೋಗಿರಲಿಲ್ಲ, ಅನ್ನ ಸೇರಲಿಲ್ಲ.