ಬಾವು ಇಳಿಯುವ ಮುನ್ನ ತೆಗೆದ ಅಚ್ಚು

ಇದನ್ನು ಕತೆಯೆಂದು ಹೇಳಲು ಹೊರಟಿದ್ದಕ್ಕೆ ಓದುವವರು ಮೊದಲೇ ಕ್ಷಮಿಸಬೇಕು. ಇದರಲ್ಲಿ ಯಾರೂ ಸಾಯುವುದಿಲ್ಲ, ಯಾರ ಮನೆಯೂ ಒಡೆಯುವುದಿಲ್ಲ. ನಡುವಯಸ್ಸಿನ ಒಬ್ಬ ಮನುಷ್ಯನ ಬಲ ಮೊಣಕೈ ನೋಯುತ್ತದೆ, ಅಷ್ಟೆ. ಗಾಲ್ಫ್ ಬಲ್ಲವರಿಗೆ ಇಲ್ಲಿ ತಪ್ಪುಗಳು ಕಂಡಾವು; ಹಲ್ಲಿನ ಕೆಲಸ ಬಲ್ಲವರಿಗೆ ಇನ್ನೂ ಹೆಚ್ಚು ಕಂಡಾವು. ಆದರೆ ಆ ಮನುಷ್ಯನಿಗೆ ಅದು ಸಣ್ಣ ವಿಷಯವಾಗಿರಲಿಲ್ಲ. ಆ ಒಂದೇ ಧೈರ್ಯದ ಮೇಲೆ ಹೇಳುವುದು.

ಅವನ ಕಸುಬು ಕಟ್ಟುಹಲ್ಲು ಮಾಡುವುದು. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಅದಕ್ಕೆ ಗಾರೆಯಂಥ ಬಿಳಿ ಪುಡಿ ಕಲಸಿ ಹೊಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಒಸಡಿನ ಬಣ್ಣದ ಅಕ್ರಿಲಿಕ್ ತುಂಬಿ, ಕೊನೆಗೆ ಕೈಯಲ್ಲಿ ಹಿಡಿಯುವ ಪುಟ್ಟ ಮೋಟರಿನಿಂದ ಉಜ್ಜಿ ನುಣುಪು ಮಾಡುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಮೂಗಿನಿಂದ ಗೇಣು ದೂರದ್ದನ್ನೇ ನೋಡುವ ಕೆಲಸ. ಹೆಂಡತಿಯ ತಮ್ಮ, ವೈರಿಂಗ್ ಕೆಲಸದವನು, ಒಂದು ಭಾನುವಾರ ಅವನನ್ನು ಊರ ಹೊರಗಿನ ಸಾರ್ವಜನಿಕ ಗಾಲ್ಫ್ ಮೈದಾನಕ್ಕೆ ಎಳೆದುಕೊಂಡು ಹೋದ. ಮೊದಲ ಏಟುಗಳೆಲ್ಲ ನೆಲ ಅಗೆದವು. ಆಮೇಲೆ ಒಂದು ಚೆಂಡು ಹೇಗೋ ಸರಿಯಾಗಿ ಸಿಕ್ಕಿತು. ಅದು ಏರಿ, ಇನ್ನೂ ಏರಿ, ಒಂದು ಗಳಿಗೆ ಆಕಾಶದಲ್ಲಿ ನಿಂತಂತಾಗಿ, ದೂರದ ಹುಲ್ಲಿನಲ್ಲಿ ಬಿತ್ತು. ಅಷ್ಟು ದೂರ ತಾನು ಕಣ್ಣು ಹಾಯಿಸಿ ಎಷ್ಟು ಕಾಲವಾಯಿತೆಂದು ಅವನಿಗೆ ನೆನಪಾಗಲಿಲ್ಲ.

ಅಲ್ಲಿಂದ ಹುಚ್ಚು ಹಿಡಿಯಿತು. ಎಡಗೈಗೆ ಗ್ಲವ್ಸು, ಹುಲ್ಲಿನಲ್ಲಿ ಜಾರದಂತೆ ಅಡಿಯಲ್ಲಿ ಗುಬುಟುಗಳಿದ್ದ ಬೂಟು, ಒಂದೊಂದು ದೂರಕ್ಕೆ ಒಂದೊಂದು ಕೋಲು. ಮೈದಾನದಲ್ಲಿ ಅವನಿಗೆ ‘ಹಲ್ಲಪ್ಪ’ ಎಂಬ ಹೆಸರೂ ಬಿತ್ತು. ಕೋಲುಗಳ ಚೀಲ ಮನೆಗೆ ಬಂದ ದಿನ ಹೆಂಡತಿ ಅದನ್ನು ಸುತ್ತಿ ನೋಡಿ, “ನನ್ನ ಬಟ್ಟೆಗಳೆಲ್ಲ ಸೇರಿದ್ರೂ ಇಷ್ಟು ಜೇಬಿಲ್ಲ ಕಣ್ರೀ” ಎಂದಳು. ಆಟ ಕೆಟ್ಟಾಗಲೆಲ್ಲ ಅವನು ಹೊಸ ಕೋಲು ನೋಡಲು ಹೊರಡುತ್ತಿದ್ದ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ,” ಎಂದು ಮೈದುನ ಕಿಚಾಯಿಸುತ್ತಿದ್ದ. “ನೀವು ಅವಳಿಗಿಂತ ಒಂದು ಕೈ ಮೇಲು, ಭಾವ. ಹೊಸ ನೆಲಾನೇ ಕೊಂಡ್ಕೊಂಡು ಬರ್ತೀರ.”

ಮೊಣಕೈಯ ಒಳಬದಿಯಲ್ಲಿ ನೋವು ಶುರುವಾದಾಗ ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಆಟ ನಿಲ್ಲುತ್ತದೆ ಎಂಬ ಭಯ. ಒಂದು ಬೆಳಿಗ್ಗೆ ಟೀ ಬಗ್ಗಿಸುವಾಗ ಪಾತ್ರೆ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹೆಂಡತಿ ಚೆಲ್ಲಿದ ಟೀ ನೋಡಲಿಲ್ಲ, ಅವನ ಕೈ ನೋಡಿದಳು.

“ಎಷ್ಟು ದಿನದಿಂದ?”

ಅವನು ಸುಳ್ಳು ಹೇಳಲು ಹೋಗಿ, ಬಿಟ್ಟು, ಮೊಣಕೈ ತೋರಿಸಿದ.

ಫಿಸಿಯೋಥೆರಪಿ ಮಾಡುವ ಹುಡುಗಿ ಮೂಳೆಯ ಪಕ್ಕ ಬೆರಳಿಟ್ಟು ಒತ್ತಿದಾಗ ಅವನು ಕುರ್ಚಿಯಿಂದ ಅರ್ಧ ಎದ್ದ. “ಕೋಲನ್ನ ಬಿಗಿಯಾಗಿ ಹಿಂಡ್ತೀರ, ಸಾರ್. ಸ್ನಾಯು ಮೂಳೆಗೆ ಅಂಟೋ ಜಾಗ ಸವೆದಿದೆ. ನಾನು ಹೇಳೋವರೆಗೂ ಆಟ ಬೇಡ. ಅವಸರ ಮಾಡಿದ್ರೆ ಈ ನೋವು ಬಾಡಿಗೆಗೆ ಬಂದವರ ಹಾಗಲ್ಲ, ಮನೆ ಬಿಡೋದೇ ಇಲ್ಲ.”

ಹೆಂಡತಿಯೂ ಜೊತೆಗೆ ಹೋಗಿದ್ದಳು. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, “ಇದು ಅನ್ನ ಹಾಕೋ ಕೈ,” ಎಂದಳು. “ವಾಸಿ ಮಾಡ್ಕೊಂಡು ಆಡಿ, ಬೇಡ ಅನ್ನಲ್ಲ. ಆದ್ರೆ ಆಡಿ ಮತ್ತೆ ನೋವು ಬಂತೋ, ಆ ಚೀಲ ಈ ಮನೇಲಿ ಇರಲ್ಲ.” ಅವಳು ಒಂದು ಮಾತನ್ನು ಎರಡು ಸಲ ಹೇಳುವವಳಲ್ಲ.

ಅವನು ಶ್ರದ್ಧೆಯಿಂದ ವ್ಯಾಯಾಮ ಮಾಡಿದ. ನೀರು ತುಂಬಿದ ಬಾಟಲಿಯನ್ನು ಅಂಗೈ ಮೇಲಾಗಿ ಹಿಡಿದು ನಿಧಾನವಾಗಿ ಇಳಿಸುವುದು, ಸುತ್ತಿದ ಟವೆಲ್ಲನ್ನು ಹಿಂಡುವುದು. ಆದರೆ ಕೋಲನ್ನು ಹಿಂಡಬಾರದು ಎಂಬ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಹಿಡಿಕೆ ಕೈಗೆ ಸರಿಯಾಗಿ ಕೂತರೆ ಹಿಂಡುವ ಅಗತ್ಯವೇ ಇಲ್ಲವಲ್ಲ? ಬಾಯಿಗೆ ಸರಿಯಾಗಿ ಕೂತ ಹಲ್ಲಿನ ಸೆಟ್ಟನ್ನು ಯಾರು ನಾಲಿಗೆಯಿಂದ ಒತ್ತಿ ಹಿಡಿಯುತ್ತಾರೆ? ನೋವಿನ್ನೂ ಹಸಿಯಾಗಿದ್ದ ಆ ದಿನಗಳಲ್ಲೇ ಒಂದು ಮಧ್ಯಾಹ್ನ ಕೆಲಸದ ಕೋಣೆಗೆ ಒಂದು ಕೋಲು ತಂದು, ಹಿಡಿಕೆಯ ರಬ್ಬರು ಕಿತ್ತು, ಅಚ್ಚಿನ ಮೆತ್ತನೆಯ ಹಿಟ್ಟು ಮೆತ್ತಿ, ಅದು ಗಟ್ಟಿಯಾಗುವವರೆಗೆ ಎರಡೂ ಕೈಗಳಲ್ಲಿ ಹಿಡಿದು ನಿಂತ. ಅದರಿಂದ ಅಕ್ರಿಲಿಕ್ಕಿನ ಹಿಡಿಕೆ ಎರಕ ಹೊಯ್ದ. ಪ್ರತಿ ಬೆರಳಿಗೂ ಒಂದು ಹಾಸಿಗೆ. ಕೈಯಲ್ಲಿದ್ದದ್ದು ಕಸುಬಿನ ಸಾಮಾನು, ಹೀಗಾಗಿ ಬಣ್ಣವೂ ಒಸಡಿನ ಗುಲಾಬಿಯೇ.

ಮೈದುನ ಅದನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ಭಾವ, ಇದು ಕಚ್ಚುತ್ತಾ?”

“ತಮಾಷೆ ಬೇಡ.”

“ಪಂದ್ಯದಲ್ಲಿ ಇಂಥದ್ದಕ್ಕೆ ಬಿಡಲ್ಲ, ಗೊತ್ತಲ್ಲ? ಬೆರಳಿಗೆ ಅಚ್ಚು ಮಾಡಿದ ಹಿಡಿಕೆ ನಿಯಮಕ್ಕೆ ವಿರುದ್ಧ.”

“ನಮ್ಮಿಬ್ಬರನ್ನ ಪಂದ್ಯಕ್ಕೆ ಕರೆದೋರು ಯಾರು?”

ಕೊನೆಗೂ ಫಿಸಿಯೋ ಹುಡುಗಿಯ ಅನುಮತಿ ಸಿಕ್ಕಿತು: ಅರ್ಧ ಬೀಸು ಮಾತ್ರ, ಅದೂ ಗಟ್ಟಿ ಚಾಪೆಯ ಮೇಲಿಂದ ಬೇಡ, ಹುಲ್ಲಿನ ಮೇಲಿಂದ. ಭಾನುವಾರ ಅವನು ಮೈದುನನ ಜೊತೆ ಅಭ್ಯಾಸದ ಜಾಗದಲ್ಲಿ ನಿಂತ. ಗುಲಾಬಿ ಹಿಡಿಕೆಯಲ್ಲಿ ಬೆರಳುಗಳನ್ನು ಅವುಗಳ ಗುಳಿಗಳಲ್ಲಿ ಕೂರಿಸಿದ. ಕೆಲವು ಏಟು ಚೆನ್ನಾಗಿಯೇ ಹೋದವು. ಆಮೇಲೆ ಮೊಣಕೈಯೊಳಗೆ ಅದೇ ಹಳೆಯ ಗುರುತಿನ ನೋವು, ಸೂಜಿಯ ಮೊನೆಯಷ್ಟು. ಅವನು ಕೋಲು ಕೆಳಗಿಟ್ಟ. ಚೀಲದ ಬಗ್ಗೆ ಹೆಂಡತಿ ಹೇಳಿದ ಮಾತು ನೆನಪಾಯಿತು.

“ನಂದು ಹಿಡ್ದು ನೋಡಿ ಒಂದ್ಸಲ,” ಎಂದು ಮೈದುನ ತನ್ನ ಕೋಲು ಚಾಚಿದ. ಅದರ ರಬ್ಬರು ಸವೆದು ನಾಯಿ ಅಗಿದ ಚಪ್ಪಲಿಯಂತಿತ್ತು. ಅವನು ಬೀಸಲಿಲ್ಲ, ಸುಮ್ಮನೆ ಹಿಡಿದ. ಕೈ ಸಡಿಲವಾಗಿತ್ತು. ನೋವು ಬರಲಿಲ್ಲ. ಏಕೆಂದು ಅವನಿಗೂ ತಿಳಿಯಲಿಲ್ಲ, ಮೈದುನನಿಗೂ ತಿಳಿಯಲಿಲ್ಲ.

“ಅಕ್ಕನಿಗೆ ನಾನಂತೂ ಹೇಳಲ್ಲ,” ಎಂದ ಮೈದುನ. ಮನೆಗೆ ಹೋಗುವ ದಾರಿಯಲ್ಲಿ ಹಲ್ಲಪ್ಪ ಗುಲಾಬಿ ಹಿಡಿಕೆಯ ಕೋಲನ್ನು ಕೆಲಸದ ಕೋಣೆಯಲ್ಲಿ ಇಟ್ಟು ಹೋದ.

ಮರುದಿನ ಕೆಲಸದ ಮೇಜಿನ ಮೇಲೆ ಒಂದು ಸೆಟ್ಟು ವಾಪಸು ಬಂದು ಕೂತಿತ್ತು. ಅಲ್ಲಾಡುತ್ತದೆ, ಚುಚ್ಚುತ್ತದೆ ಎಂದು ದೂರು. ಅವನು ದವಾಖಾನೆಗೆ ಫೋನ್ ಮಾಡಿ ಅಲ್ಲಿನ ಸಹಾಯಕಿಗೆ ಎಂದಿನ ಪಾಠ ಒಪ್ಪಿಸಿದ: “ಅಮ್ಮಾ, ಹಲ್ಲು ಕಿತ್ತ ಕೂಡ್ಲೇ ಅಚ್ಚು ತೆಗೆದ್ರೆ ಹೀಗೇ ಆಗೋದು. ಆಗ ಒಸಡು ಊದಿರುತ್ತೆ. ನಾನು ಊದಿದ ಒಸಡಿಗೆ ಸೆಟ್ಟು ಮಾಡಿಕೊಡ್ತೀನಿ. ಬಾವು ಇಳಿದ ಮೇಲೆ ಆ ಬಾಯೇ ಇರಲ್ಲ, ನಂದು ಮಾತ್ರ...”

“ಹಲೋ? ಸಾರ್?”

“ಆಮೇಲೆ ಮಾಡ್ತೀನಮ್ಮ,” ಎಂದು ಅವನು ಫೋನ್ ಇಟ್ಟ.

ಮೂಲೆಯಲ್ಲಿ ಒರಗಿದ್ದ ಕೋಲನ್ನು ತಂದು ದೀಪದ ಕೆಳಗೆ ಹಿಡಿದ. ಬೇರೆಯವರ ಬಾಯನ್ನು ನೋಡುವ ಕಣ್ಣಿನಿಂದ ನೋಡಿದ. ಹೆಬ್ಬೆರಳಿನ ಗುಳಿ ಬಾವಿಯಷ್ಟು ಆಳ. ಕಿರುಬೆರಳು ಒಳಗೆ ಮಡಿಸಿಕೊಂಡಿದೆ. ಇದು ಆಟಗಾರನ ಕೈಯಲ್ಲ. ನೋವಾದೀತೆಂದು ಹೆದರಿ ಹಲ್ಲು ಕಚ್ಚಿಕೊಂಡವನ ಮುಷ್ಟಿ. ನೋವು ಇಳಿದಿತ್ತು, ಕೈ ಸಡಿಲವಾಗಿತ್ತು. ಈ ಹಿಡಿಕೆ ಪ್ರತಿ ಏಟಿಗೂ ಅದನ್ನು ಅಚ್ಚು ತೆಗೆದ ಆ ದಿನದ ಹಾಗೆ ಮತ್ತೆ ಬಿಗಿಸುತ್ತಿತ್ತು. ಊರಿಗೆಲ್ಲ ಹೇಳಿದ ಬುದ್ಧಿ ತನ್ನ ಕೈಗೇ ಬರಲಿಲ್ಲವಲ್ಲ ಎಂದು ನಗು ಬಂತು. ಹಿಂದೆಯೇ ಭಯವೂ ಬಂತು. ಇದು ಸರಿಯಾದ ಕಾರಣವೋ, ಅಥವಾ ಆಟ ಉಳಿಸಿಕೊಳ್ಳಲು ತಾನು ಹುಡುಕಿದ ಇನ್ನೊಂದು ಡೊಂಕು ನೆಲವೋ?

ಹಿಡಿಕೆಯನ್ನು ಅಲ್ಲೇ ಕತ್ತರಿಸಬಹುದಿತ್ತು. ಕತ್ತರಿಸಲಿಲ್ಲ. ಕೋಲನ್ನು ಹಾಗೇ ಮನೆಗೆ ತಂದು ಅಡುಗೆಮನೆಯಲ್ಲಿ ಹೆಂಡತಿಯ ಮುಂದೆ ಹಿಡಿದ.

“ನಿನ್ನೆ ನೋವು ಬಂತು,” ಎಂದ.

ಅವಳು ಒಲೆ ಆರಿಸಿದಳು. ಅವನು ಊದಿದ ಒಸಡಿನಿಂದ ಶುರುಮಾಡಿ ಎಲ್ಲ ಹೇಳಿದ. ಖಚಿತವಿಲ್ಲ ಎಂಬುದನ್ನೂ ಹೇಳಿದ. “ನಿನ್ನ ಮಾತು ಮಾತೇ. ಚೀಲ ಬಾಗಿಲ ಹತ್ತಿರ ಇಟ್ಟಿದೀನಿ.”

ಅವಳು ಕೋಲನ್ನು ಇಸಿದುಕೊಂಡು ಗುಳಿಗಳಲ್ಲಿ ತನ್ನ ಬೆರಳಿಟ್ಟು ನೋಡಿದಳು. “ಅಯ್ಯೋ ರಾಮ. ಬಸ್ಸಲ್ಲಿ ಕಂಬಿ ಹಿಡ್ಕೊಂಡ ಹಾಗಿದೆ.” ಕೋಲನ್ನು ಗೋಡೆಗೆ ಒರಗಿಸಿದಳು. “ಹೋದ ಸಲ ಟೀ ಪಾತ್ರೆ ಬಿದ್ದ ಮೇಲೆ ಗೊತ್ತಾಯ್ತು ನಂಗೆ. ಈ ಸಲ ನೀವೇ ಹೇಳಿದ್ರಿ.”

“ಹೂಂ.”

“ನಂಗೆ ಸಿಟ್ಟಿದ್ದಿದ್ದು ಆಟದ ಮೇಲಲ್ಲ ಕಣ್ರೀ, ಮುಚ್ಚಿಟ್ಟಿದ್ರಲ್ಲ, ಅದರ ಮೇಲೆ. ಈ ಹಿಡಿಕೆ ತೆಗೆದು ಹಾಕಿ. ಆ ಫಿಸಿಯೋ ಹುಡುಗಿ ಹೂಂ ಅಂದ್ರೆ ಭಾನುವಾರ ನಾನೂ ಬರ್ತೀನಿ. ಸಾಕು ಅಂದಾಗ ಸಾಕು.”

ಫಿಸಿಯೋ ಹುಡುಗಿ ಹಿಡಿಕೆಯನ್ನು ತಿರುವಿ ತಿರುವಿ ನೋಡಿ ಹೂಂ ಎಂದಳು. ಆಮೇಲೆ, “ಮೋಟರ್ ಹೇಗೆ ಹಿಡೀತೀರ ಸಾರ್, ಕೆಲಸದಲ್ಲಿ?” ಎಂದು ಕೇಳಿದಳು. ಅವನು ಗಾಳಿಯಲ್ಲಿ ಹಿಡಿದು ತೋರಿಸಿದ. ಇಬ್ಬರೂ ಆ ಮುಷ್ಟಿಯನ್ನು ನೋಡುತ್ತ ಕೂತರು. ಅದು ಗುಲಾಬಿ ಹಿಡಿಕೆಯೊಳಗಿನ ಮುಷ್ಟಿಗಿಂತ ಬೇರೆಯಾಗಿರಲಿಲ್ಲ.

ಭಾನುವಾರ ಸಾದಾ ರಬ್ಬರು ಹಾಕಿದ ಕೋಲಿನಿಂದ ಅವನು ಅರ್ಧ ಬೀಸು ಬೀಸಿದ. ಹೆಂಡತಿ ಬೆಂಚಿನ ಮೇಲೆ ಕೂತು ಚೆಂಡನ್ನಲ್ಲ, ಅವನ ಮೊಣಕೈಯನ್ನು ನೋಡುತ್ತಿದ್ದಳು. ಒಂದು ಚೆಂಡು ಚೆನ್ನಾಗಿ ಏರಿತು. ಆಗ ಮಾತ್ರ ಅವಳ ತಲೆಯೂ ಅದರೊಂದಿಗೆ ಮೇಲೆದ್ದಿತು.

“ಸಾಕು,” ಎಂದಳು, ಅದು ಬಿದ್ದ ಮೇಲೆ.

ಅವನು ನಿಲ್ಲಿಸಿದ. ನೋವಿರಲಿಲ್ಲ. ಮೈದುನ ಚೀಲ ಹೊತ್ತುಕೊಂಡ.

ಆ ಮೊಣಕೈ ಪೂರ್ತಿ ಬೀಸಿಗೆ ತಡೆಯುತ್ತದೋ ಇಲ್ಲವೋ, ಗೊತ್ತಿಲ್ಲ. ಅದನ್ನು ಕೆಡಿಸಿದ್ದು ಭಾನುವಾರಗಳ ಕೋಲೋ, ವಾರವಿಡೀ ಹಿಡಿದ ಮೋಟರೋ, ಅದೂ ಗೊತ್ತಿಲ್ಲ. ಫಿಸಿಯೋ ಹುಡುಗಿಯನ್ನು ಕೇಳಿದರೆ ಅವಳೂ ಗೊತ್ತಿಲ್ಲವೆಂದೇ ಹೇಳಿದಳು.